ಪೇಡ ಬಂದ ವರ್ಷ

ಇವತ್ತು ಹೊಸ ಫೋನ್ ಕೊಂಡೆ. ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ಸುರಿಯುತ್ತಿದ್ದಾಗ ನಮ್ಮ ಮನೆಯವರ ಗುಂಪಿನ ಹಳೇ ಮೆಸೇಜುಗಳು, ಅಟ್ಟ ಗುಡಿಸುವಾಗ ಬೀಳುವ ಹಾಗೆ, ಒಂದೊಂದಾಗಿ ಉದುರಿದವು. ಮೊದಲಿಗೆ ಗುಲಾಬಿ ಹೂಗಳ ನಡುವೆ ಒಂದು ‘ಗುಡ್ ಮಾರ್ನಿಂಗ್’. ಕಳಿಸಿದವರು ಮೊರಪ್ಪೂರಿನ ನಮ್ಮ ದೊಡ್ಡಪ್ಪ. ಅದರ ಕೆಳಗೆ ಅದೇ ಗುಲಾಬಿ ಇನ್ನೊಮ್ಮೆ. ಮೊದಲನೆಯದು ಹೋಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು. ಅಲ್ಲೇ ಕೂತು ಓದತೊಡಗಿದವನಿಗೆ ಕಾಫಿ ಆರಿದ್ದೇ ಗೊತ್ತಾಗಲಿಲ್ಲ.

ನೆಟ್ ಅಗ್ಗವಾದ ಆ ವರ್ಷವನ್ನು ನೀವೂ ಕಂಡಿರುತ್ತೀರಿ. ವರ್ಷದ ಮೊದಲಿಗೆ ನಮ್ಮ ಮನೆಯಲ್ಲಿ ನೆಟ್ ಇದ್ದದ್ದು ಅಪ್ಪನ ಫೋನಿನಲ್ಲಿ ಮಾತ್ರ. ಅಪ್ಪ ಬೀದಿ ನಲ್ಲಿಯನ್ನು ತಿರುಗಿಸುವವರ ಹಾಗೆ ಅದನ್ನು ಆನ್ ಮಾಡಿ, ಒಂದು ಫೋಟೋ ಇಳಿದ ಕೂಡಲೇ ಬಿಗಿಯಾಗಿ ಆಫ್ ಮಾಡುತ್ತಿದ್ದರು. ವೀಡಿಯೋ ಎಂದರೆ ಗಿರಗಿರ ತಿರುಗುವ ಒಂದು ಚಕ್ರ, ಅಷ್ಟೇ. ಆಮೇಲೆ ಹೊಸ ಸಿಮ್ಮುಗಳು ಬಂದವು, ನೋಡಿ, ಅಣೆಕಟ್ಟಿನ ಬಾಗಿಲು ತೆಗೆದ ಹಾಗಾಯಿತು. ದೀಪಾವಳಿಯ ಹೊತ್ತಿಗೆ ನಮ್ಮವ್ವ ಮುದ್ದೆ ಮಾಡುವುದು ಹೇಗೆಂದು ವೀಡಿಯೋ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಮುದ್ದೆ ತಿಂದು, ಬುದ್ಧಿ ಬಂದಾಗಿನಿಂದ ಮುದ್ದೆ ತಿರುವಿದವಳು!

“ಇದನ್ಯಾಕವ್ವಾ ನೋಡ್ತೀಯ?” ಎಂದರೆ, “ಅವ್ಳು ಕೆಟ್ಟದಾಗಿ ತಿರುವ್ತಾವ್ಳೆ ಕಣ್ಲಾ, ಅದ್ಕೇ ನೋಡ್ತಾವ್ನಿ” ಎಂದಳು.

ನನಗೂ ಆ ವರ್ಷವೇ ಕೆಲಸ ಸಿಕ್ಕಿತು. ಸಂಬಳದ್ದಲ್ಲ. ಅದುವರೆಗೆ ಮದುವೆಮನೆಗಳಲ್ಲಿ ನೆಂಟರ ದನಿ ಅನುಕರಿಸಿ ತಲೆಗೆ ಮೊಟಕಿಸಿಕೊಳ್ಳುತ್ತಿದ್ದವನು, ಈಗ ಅದನ್ನೇ ಫೋನಿನಲ್ಲಿ ಹಿಡಿದು ಕಳಿಸತೊಡಗಿದೆ. ಫೋನಿನಿಂದ ಮೊಟಕಲು ಬರುವುದಿಲ್ಲವಲ್ಲ. ನನ್ನ ಮುಖ್ಯ ಸರಕು ದೊಡ್ಡಪ್ಪ. ಅವರ ಮನೆ ಮೊರಪ್ಪೂರು ಸ್ಟೇಷನ್ನಿನ ಪಕ್ಕದಲ್ಲೇ. ಬದುಕೆಲ್ಲ ರೈಲಿನ ಸದ್ದಿಗಿಂತ ಮೇಲೆ ಮಾತಾಡಿ ಅಭ್ಯಾಸವಾಗಿ, ರೈಲು ಇಲ್ಲದಾಗಲೂ ಹಾಗೇ ಮಾತಾಡುತ್ತಾರೆ. ನಡುವೆ ರೈಲು ಬಂದರೆ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುತ್ತಾರೆ. ಅದನ್ನು ಮಾಡಿದರೆ ಗುಂಪಿನಲ್ಲಿ ನಗೆಯ ಮುಖಗಳ ಮಳೆ. ಮೊದಲ ಮುಖ ದೊಡ್ಡಪ್ಪನದೇ ಇರುತ್ತಿತ್ತು. ಅದು ಯಾರ ದನಿ ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ಗುಂಪಿನ ಬರವಣಿಗೆಯ ವಿಷಯ ಹೇಳಲೇಬೇಕು. ನಾವು ಸೇಲಂ ಅಮ್ಮಾಪೇಟೆಯ ನೇಕಾರರು. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು, ಓದಿದ್ದು ಬರೆದದ್ದು ತಮಿಳು. ಹಾಗಾಗಿ ನಮ್ಮ ಕನ್ನಡ ಬಾಯಲ್ಲಿ ಮಾತ್ರ ಇತ್ತು, ಅದಕ್ಕೆ ಅಕ್ಷರವೇ ಇರಲಿಲ್ಲ. ಗುಂಪು ಹುಟ್ಟಿದ ಮೇಲೆ ಬರೆಯಬೇಕಾಗಿ ಬಂತಲ್ಲ, ಎಲ್ಲರೂ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದೆವು. ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಓದುವವರು ಊಹಿಸಿಕೊಳ್ಳಬೇಕು. ಒಮ್ಮೆ ದೊಡ್ಡಪ್ಪ, ನಿನ್ನೆ ನಮ್ಮೂರಿಗೆ ಜೋರಾಗಿ ಗಾಳಿ ಬಂತು ಎಂದು ಬರೆದರು. ಅವ್ವ ಅದನ್ನು ‘ಕಾಳಿ ಬಂತು’ ಎಂದು ಓದಿ, ಕೈಮುಗಿದು, “ಯಾರ್ ಮೈಮೇಲ್ ಬಂದಿದ್ಲಂತೆ?” ಎಂದು ಕೇಳಿದಳು. ಇದನ್ನೆಲ್ಲ ನಾವು ತಮಾಷೆ ಎಂದೇ ತಿಳಿದಿದ್ದೆವು.

ನಮ್ಮಕ್ಕ ಸರಸು ಆಗ ಒಂದು ಅಂಗಡಿಯಲ್ಲಿ ಸೀರೆ ಅಂಚಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಅವಳು ಬಿಡಿಸಿದ ನವಿಲನ್ನು ಅಪ್ಪ ನಮ್ಮ ಮನೆಯ ಮಗ್ಗದಲ್ಲಿ ನೇಯುತ್ತಿದ್ದರು. “ಈ ನವಿಲ್ ನನ್ ಮಗಳ್ದು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವಳಿಗೆ ಪಾಪಿರೆಡ್ಡಿಪಟ್ಟಿಯಿಂದ ಒಂದು ಸಂಬಂಧ ಬಂತು, ತಂದವರು ದೊಡ್ಡಪ್ಪ. ನಮ್ಮ ವಂಶದಲ್ಲಿ ಮೊದಲ ಸಲ ಹೆಣ್ಣು ನೋಡುವ ಶಾಸ್ತ್ರ ವೀಡಿಯೋ ಕಾಲಿನಲ್ಲಿ ನಡೆಯಿತು. ಫೋನ್ ಹಿಡಿದವರಿಗೆ ಹಿಡಿಯಲು ಬರದೆ ನಮಗೆ ಕಂಡದ್ದು ಹುಡುಗನ ಗದ್ದ ಮತ್ತು ಅವರ ಮನೆಯ ಫ್ಯಾನು. ಹುಡುಗನ ತಾಯಿಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಮದ್ವೆ ಆದ್ಮ್ಯಾಕೆ ಕೆಲ್ಸಕ್ಕೆಲ್ಲ ಓಗಂಗಿಲ್ಲ.” ಅಕ್ಕ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆವು.

ಮಾರನೆಯ ದಿನ ದೊಡ್ಡಪ್ಪ ಗುಂಪಿನಲ್ಲೇ ಕೇಳಿದರು: ಸರಸು, ಏನ್ ಏಳ್ತೀಯ? ನಮ್ಮಲ್ಲಿ ಹುಡುಗಿಯನ್ನು ನೇರವಾಗಿ ಕೇಳುವ ಪದ್ಧತಿಯೇ ಇರಲಿಲ್ಲ. ಅವ್ವಂದಿರು ಅಡಿಗೆಮನೆಯಲ್ಲಿ ಮುಖ ನೋಡಿ ಊಹಿಸಿ, ಹೊರಗೆ ಬಂದು ‘ಒಪ್ಪಿಗೆ’ ಎನ್ನುತ್ತಿದ್ದರು. ಕೈಯಲ್ಲಿ ಫೋನ್ ಇದ್ದುದರಿಂದ ದೊಡ್ಡಪ್ಪನಿಗೂ ಕೇಳುವ ಧೈರ್ಯ ಬಂತು, ಅಕ್ಕನಿಗೂ ಹೇಳುವ ಧೈರ್ಯ ಬಂತು. ಊಟದ ಹೊತ್ತಿನಲ್ಲಿ ಎರಡೇ ಮಾತು ಬರೆದು, ಅಂಗಡಿಯ ನಿಯಮದಂತೆ ಫೋನನ್ನು ಡಬ್ಬಿಗೆ ಹಾಕಿ ಕೆಲಸಕ್ಕೆ ಕೂತಳು. ಅವಳು ಬರೆದದ್ದು: ನಂಗೆ ಬೇಡ.

ದೊಡ್ಡಪ್ಪ ಓದಿದ್ದು: ನಂಗೆ ಪೇಡ.

ನಗಬೇಡಿ, ನಾನೂ ಹಾಗೇ ಓದಿದೆ. ಸಿಹಿ ಕೇಳುತ್ತಿದ್ದಾಳೆ ಎಂದರೆ ಒಪ್ಪಿದಳು ಎಂದೇ ಅರ್ಥ ತಾನೇ? ಅಷ್ಟಕ್ಕೇ ಬಿಟ್ಟಿದ್ದರೆ ಯಾರಾದರೂ ಎರಡನೆಯ ಸಲ ಓದುತ್ತಿದ್ದರೋ ಏನೋ. ಬುದ್ಧಿವಂತ ನಾನು, ದೊಡ್ಡಪ್ಪನ ದನಿಯಲ್ಲಿ, “ಉಡ್ಗಿ ಪೇಡ ಕೇಳ್ತಾವ್ಳೆ, ತಕ್ಕಂಬರ್ರಲಾ!” ಎಂದು, ನಡುವೆ ಒಂದು ರೈಲನ್ನೂ ಬಿಟ್ಟು, ಗುಂಪಿಗೆ ಕಳಿಸಿದೆ. ನಗೆಯ ಮುಖಗಳು ಸುರಿದವು. ಯಾರಿಗೂ ಅನುಮಾನ ಉಳಿಯಲಿಲ್ಲ.

ಸಂಜೆ ಅಕ್ಕ ಬರುವಾಗ ದೊಡ್ಡಪ್ಪ ರೈಲಿಳಿದು ನಮ್ಮ ನಡುಮನೆಯಲ್ಲಿ ಕೂತಿದ್ದರು, ತೊಡೆಯ ಮೇಲೆ ಪೇಡದ ಡಬ್ಬಿ.

“ಬಾ ಮಗಾ, ಬಾಯ್ ತೆಗಿ.”

“ಏನ್ ದೊಡ್ಡಪ್ಪಾ, ಏನ್ ವಿಶೇಷ?”

“ಅಯ್ಯ, ನೀನೇ ಕೇಳ್ದಲ್ಲಮ್ಮಾ! ಪಾಪಿರೆಡ್ಡಿಪಟ್ಟಿಗೂ ಏಳ್ಬುಟ್ಟೆ, ಉಡ್ಗಿ ಒಪ್ಕಂಡವ್ಳೆ ಅಂತ.”

ಅಕ್ಕ ಫೋನ್ ತೆಗೆದು ನೋಡಿದಳು. ನನ್ನ ದನಿಯನ್ನೂ ಪೂರ್ತಿ ಕೇಳಿದಳು. ಅದು ಮುಗಿಯುವವರೆಗೆ ಮನೆಯಲ್ಲಿ ಅದೊಂದೇ ಸದ್ದು. ನನ್ನ ಅನುಕರಣೆ ಎಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು.

“ನಾನ್ ಬರ್ದಿದ್ದು ಬೇಡ ಅಂತ ದೊಡ್ಡಪ್ಪಾ,” ಎಂದಳು. “ಬೇಡ. ನಾನ್ ಕೆಲ್ಸ ಬಿಡಾಕಿಲ್ಲ.”

ಅಪ್ಪ ಮಗ್ಗದಿಂದ ಎದ್ದು ಬಂದರು. “ಮುಡಿಞ್ಚುಪೋಚು, ಮುಗ್ದೋಯ್ತು. ಮಾತ್ ಕೊಟ್ಟಾಗೈತಲ್ಲಮ್ಮಾ, ಇನ್ನೇನ್ ಮಾಡಾದು?”

“ನಾನ್ ಕೊಡ್ಲಿಲ್ವಲ್ಲಪ್ಪಾ.”

ಅವಳು ಕಣ್ಣು ತಗ್ಗಿಸಲಿಲ್ಲ. ದೊಡ್ಡಪ್ಪ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ನಮ್ಮ ಕಡೆಯ ನೂರು ಮದುವೆ ಕೂಡಿಸಿದವರೆಂಬ ಹೆಸರು ಅವರದು, ಅವರ ಬಾಯಿಂದ ಹೋದ ಮಾತು ಅದುವರೆಗೆ ಹಿಂದೆ ಬಂದಿರಲಿಲ್ಲ. ಆಮೇಲೆ ಫೋನ್ ಎತ್ತಿ ಹುಡುಗನ ತಂದೆಗೆ ನಮ್ಮೆಲ್ಲರ ಎದುರೇ ಮಾತಾಡಿದರು.

“ತಪ್ಪು ನಂದು. ಉಡ್ಗಿ ಬೇಡ ಅಂದವ್ಳೆ. ನಾನೇ ಪೇಡ ಅಂತ ಓದ್ಕಂಡೆ. ಉಡ್ಗಿ ಮಾತೇ ಮಾತು.”

ಮೆಲ್ಲಗೆ ಹೇಳಿದರು, ರೈಲಿಲ್ಲದ ದನಿಯಲ್ಲಿ. ದೊಡ್ಡಪ್ಪನ ಎಲ್ಲ ದನಿಗಳನ್ನೂ ಮಾಡಬಲ್ಲೆ, ಅದೊಂದನ್ನು ಇವತ್ತಿಗೂ ಮಾಡಿಲ್ಲ.

ಪೇಡ ತಿಂದೆವು, ಬಿಡಿ. ಅಕ್ಕ ಎರಡು ತಿಂದಳು. ಮರುವಾರ ಫೋನಿಗೆ ಕನ್ನಡ ಅಕ್ಷರ ಹಾಕಿಸಿಕೊಂಡು, ನೆಟ್ಟಿನಲ್ಲೇ ನೋಡಿ ಕಲಿತು, ದಿನಕ್ಕೊಂದು ಅಕ್ಷರವನ್ನು ಗುಂಪಿಗೆ ಕಳಿಸತೊಡಗಿದಳು. ಅಆಇಈಯಿಂದ ಶುರು ಮಾಡಲಿಲ್ಲ ಅವಳು, ಬಕಾರದಿಂದ ಶುರು ಮಾಡಿದಳು. ವರ್ಷ ಮುಗಿಯುವ ಹೊತ್ತಿಗೆ ಅಪ್ಪ ಸಹಿತ ಹದಿನಾಲ್ಕು ಮಂದಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಿದರು. ಯಾವ ಶಾಲೆಯೂ ಕಲಿಸದ ನಮ್ಮ ಮನೆಮಾತಿಗೆ ನಮ್ಮ ಮನೆಯ ಹುಡುಗಿಯೇ ಅಕ್ಷರ ತಂದುಕೊಟ್ಟಳು. ಆಮೇಲೆ ನನ್ನ ಅನುಕರಣೆಗಳನ್ನು ವೀಡಿಯೋ ಮಾಡಿ ನೆಟ್ಟಿಗೂ ಹಾಕತೊಡಗಿದೆ. ಅವುಗಳ ಕೆಳಗೆ ಮೈಸೂರು ಕಡೆಯವರು ಯಾರಾದರೂ, “ಸೇಲಂನಲ್ಲೂ ಕನ್ನಡ ಇದೆಯಾ?” ಎಂದು ಕೇಳಿದರೆ ಈಗ ಕನ್ನಡದಲ್ಲೇ ಬರೆಯುತ್ತೇನೆ: ಐತೆ, ಬನ್ನಿ.

ಇಷ್ಟು ಓದಿ ಮುಗಿಸುವಾಗ ಹೊಸ ಫೋನಿಗೆ ಮೊದಲ ಕರೆ ಬಂತು. ದೊಡ್ಡಪ್ಪ.

“ಮಾರಂಡಹಳ್ಳಿ ಕಡೆ ಒಂದ್ ಉಡ್ಗಿ ಐತೆ ಕಣ್ಲಾ, ನಿಂಗೇ. ಟೀಚರ್ರು. ನಿನ್ನ ಕೇಳಾಕ್ ಮುಂಚೆ ಅವ್ಳನ್ನೇ ಕೇಳಿವ್ನಿ. ಈಗೆಲ್ಲ ಅಂಗೇ ನಾನು. ಅವ್ಳು ಏಳಿದ್ದ ಕಳಿಸ್ತೀನಿ, ಕೇಳು.”

ಕಳಿಸಿದರು. ಪರಿಚಯವಿಲ್ಲದ ದನಿ, ಹಿಂದೆ ಎಲ್ಲೋ ಕೋಳಿ ಕೂಗುತ್ತಿದೆ. “ಅವರ ವೀಡಿಯೋ ಎಲ್ಲಾ ನೋಡಿವ್ನಿ. ನಗೂ ಬಂತು. ಅದ್ರಾಗೆ ಅವರ ಸ್ವಂತ ದನಿ ಯಾವ್ದು? ಅದನ್ ಒಂದ್ ಸಲ ಕೇಳಿ ಆಮ್ಯಾಕೆ ಏಳ್ತೀನಿ.”

ಬಾಗಿಲು ಹಾಕಿಕೊಂಡು ಕೂತಿದ್ದೇನೆ. ನಾಲ್ಕು ಸಲ ಮಾತಾಡಿ ನಾಲ್ಕನ್ನೂ ಅಳಿಸಿದೆ. ಮೊದಲನೆಯದು ಅಪ್ಪನ ಹಾಗಿತ್ತು, ಎರಡನೆಯದು ದೊಡ್ಡಪ್ಪನ ಹಾಗೆ, ಇನ್ನೆರಡು ಯಾರ ಹಾಗೋ. ಐದನೆಯದು ತೊದಲಿತು, ನಡುವೆ ಕೆಮ್ಮೂ ಬಂತು. ಕೇಳಿ ನೋಡಿದೆ. ಯಾರ ಹಾಗೂ ಇರಲಿಲ್ಲ. ಕಳಿಸಿಬಿಟ್ಟೆ.