ಸಿಸ್ಟರ್ ಇಶ್ಬೆಲ್ ತಮ್ಮ ಹಳೆಯ ಗಾಡಿ ನೋಡಲು ಹೋದದ್ದು

ಇಶ್ಬೆಲ್ ಗಿಲಾಂಡರ್ಸ್ ಗ್ಲೆನ್ ಅವರಿ ಕಣಿವೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ದಾದಿಯಾಗಿದ್ದರು. ಅಲ್ಲಿ ಮೂವತ್ತರಿಂದ ಅರವತ್ತರೊಳಗಿನ ಬಹುತೇಕರ ಹೊಕ್ಕುಳಬಳ್ಳಿ ಕತ್ತರಿಸಿದವರು ಅವರೇ. ಹಾಗಾಗಿ ಅವರೆದುರು ಯಾರೂ ಹೆಚ್ಚು ಬೀಗುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ಆ ಕಾಲದಲ್ಲಿ ಅವರ ಜೊತೆಗಿದ್ದದ್ದು ಆರೋಗ್ಯ ಇಲಾಖೆ ಕೊಟ್ಟ ಒಂದು ಹಸಿರು ಲ್ಯಾಂಡ್‌ರೋವರ್ ಜೀಪು. ಹಳ್ಳ, ಹಿಮ, ಕೆಸರು ಎಲ್ಲವನ್ನೂ ಅದರಲ್ಲೇ ದಾಟಿದರು. ಅದು ಹರಾಜಾದ ಮೇಲೆ ಎಲ್ಲಿಗೆ ಹೋಯಿತೆಂದು ಅವರು ವಿಚಾರಿಸಲಿಲ್ಲ.

ಅವರಿಗೆ ಎಂಬತ್ತೆರಡಾದಾಗ ಇನ್ವರ್ನೆಸ್ ಪಟ್ಟಣದ ಕಡೆಯಿಂದ ಒಂದು ಕಾಗದ ಬಂತು. ಬರೆದವರು ಹೆಕ್ಟರ್ ಪೀರಿ, ನಿವೃತ್ತ ಹಲ್ಲಿನ ಡಾಕ್ಟರು. ಬೆಟ್ಟಗಾಡಿನಲ್ಲಿ ಓಡುವ ಹಳೆಯ ಗಾಡಿಗಳನ್ನು ತಂದು, ತಮ್ಮ ಕೈಯಾರೆ ಹೊಸದರಂತೆ ಮಾಡಿ ಇಟ್ಟುಕೊಳ್ಳುವುದು ಅವರ ಹುಚ್ಚು. ಹದಿನಾಲ್ಕು ಸೇರಿದ್ದವು. ಅವುಗಳಲ್ಲೊಂದು ಇಶ್ಬೆಲ್ ಓಡಿಸುತ್ತಿದ್ದದ್ದೆಂದು ಹಳೆಯ ದಾಖಲೆಯಿಂದ ತಿಳಿದು, ಬಂದು ನೋಡಬೇಕೆಂದು ಕೇಳಿಕೊಂಡಿದ್ದರು.

ಅದೇ ಕಣಿವೆಯಲ್ಲಿ ಕುರಿ ಸಾಕುವ ಲಾಕ್ಲನ್ ಮೆಕ್ರೇ ತನ್ನ ಕಾರಿನಲ್ಲಿ ಇಶ್ಬೆಲ್ ಅವರನ್ನು ಕರೆದೊಯ್ದ. ಐವತ್ತೆಂಟು ವರ್ಷದ ಹಿಂದೆ, ಫೆಬ್ರವರಿಯ ಹಿಮದಲ್ಲಿ ದಾರಿ ಕಟ್ಟಿದಾಗ, ಆ ಲ್ಯಾಂಡ್‌ರೋವರಿನ ಹಿಂಭಾಗದಲ್ಲೇ ಅವನು ಹುಟ್ಟಿದ್ದ.

"ನನ್ ಹುಟ್ಟೂರು ನೋಡ್ದಂಗೂ ಆಗುತ್ತೆ, ಸಿಸ್ಟರ್" ಎಂದ.

ಒಂದು ಕಾಲದಲ್ಲಿ ಕುರಿದೊಡ್ಡಿಯಾಗಿದ್ದ ಪೀರಿಯವರ ಶೆಡ್ಡಿನ ನೆಲ ಆಪರೇಷನ್ ಕೋಣೆಗಿಂತ ಚೊಕ್ಕಟವಾಗಿತ್ತು. ಬೂಟಿನ ಮೇಲೆ ಹಾಕಿಕೊಳ್ಳಲು ಪೀರಿ ಬಟ್ಟೆಯ ಚೀಲ ಕೊಟ್ಟರು. ಹದಿನಾಲ್ಕು ಗಾಡಿಗಳೂ ಸಾಲಾಗಿ ಹೊಳೆಯುತ್ತಿದ್ದವು. ಇಶ್ಬೆಲ್‌ಗೆ ಮಣ್ಣು ಮಾಡುವ ಮುಂಚೆ ತಲೆ ಬಾಚಿ ಮಲಗಿಸಿದ ಹೆಣಗಳ ನೆನಪಾಯಿತು.

ಹನ್ನೊಂದನೆಯದರ ಮುಂದೆ ಪೀರಿ ನಿಂತರು. ಇಶ್ಬೆಲ್ ಒಂದು ಸುತ್ತು ಹಾಕಿ ನೋಡಿದರು.

"ಇದು ನಂದಲ್ಲ. ನಂದಕ್ಕೆ ಎಡಗಡೆ ಬಾಗ್ಲು ನೀಲಿ."

"ಆ ಬಾಗ್ಲಿಗೆ ಹಸಿರು ಹೊಂದ್ಸೋಕೆ ನಾಲ್ಕ್ ತಿಂಗಳು ಹಿಡೀತು ಸಿಸ್ಟರ್."

"ಮುಂದಿನ ಬಂಪರ್ ಬಗ್ಗಿತ್ತು."

"ನೆಟ್ಟಗೆ ಮಾಡಿದೀನಿ."

"ಅದು ಪಾದ್ರಿಗಳ ಗೇಟು. ಅವ್ರ ಹೆಂಡ್ತಿಗೆ ನೋವು ಬಂದಿತ್ತು. ಇವ್ರು ಚಿಲಕ ಹಾಕ್ಕೊಂಡು ಒಳಗೆ ಪ್ರಾರ್ಥನೆ ಮಾಡ್ತಾ ಕೂತಿದ್ರು. ಎಷ್ಟು ಹಾರ್ನ್ ಮಾಡಿದ್ರೂ ಏಳ್ಲಿಲ್ಲ."

"ಅದಕ್ಕೆ?"

"ಗೇಟು ಮುರೀತು. ಆಗ ಎದ್ರು."

ಪೀರಿಯವರ ಮುಖ ತಪ್ಪು ಹಲ್ಲು ಕಿತ್ತವರ ಮುಖದಂತಾಯಿತು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು.

ಅಷ್ಟರಲ್ಲಿ ಲಾಕ್ಲನ್ ಹಿಂದಿನಿಂದ ಗಾಡಿಯೊಳಗೆ ತೂರಿದ್ದ. ಎರಡು ಬೆಂಚುಗಳ ನಡುವಿನ ಕಿಷ್ಕಿಂಧೆಯಲ್ಲಿ ಮಲಗಿ ಒಮ್ಮೆ ಸೂರು ನೋಡಬೇಕೆಂದು ಅವನ ಆಸೆ. ಮಲಗಿದ, ನೋಡಿದ. ಏಳಲು ಹೋದಾಗ ಮಂಡಿ ಹಿಡಿದುಕೊಂಡಿತು. ಭುಜ ಬೆಂಚುಗಳ ನಡುವೆ ಸಿಕ್ಕಿಕೊಂಡಿತು.

"ಸಿಸ್ಟರ್, ನಂಗೆ ಬರೋಕಾಗ್ತಿಲ್ಲ."

"ಒದೀಬೇಡಿ, ಪೇಂಟು!" ಎಂದು ಪೀರಿ ಕೂಗಿದರು. ಬೆಂಚು ಬಿಚ್ಚಬಹುದು, ಆದರೆ ಬೋಲ್ಟುಗಳೆಲ್ಲ ಅರವತ್ತು ವರ್ಷ ಹಳೆಯವು, ನಾಜೂಕಾಗಿ ಬಿಚ್ಚಲು ಒಂದು ದಿನ ಬೇಕು ಎಂದರು.

ಇಶ್ಬೆಲ್ ಕೋಟು ಕಳಚಿ ತೋಳು ಮಡಿಸಿದರು. "ಡಾಕ್ಟ್ರೇ, ಬಿಸಿನೀರು ಇಡಿ."

"ಬಿಸಿನೀರು ಯಾಕೆ?"

"ಟೀಗೆ. ಹೊರಗೆ ಬಂದ್ಮೇಲೆ ಬೇಕಾಗುತ್ತೆ ಇವ್ನಿಗೆ."

ಪೀರಿ ಓಡಿದರು. ಇಶ್ಬೆಲ್ ಒಳಗೆ ಬಗ್ಗಿ ಲಾಕ್ಲನ್‌ನ ಭುಜದ ಕೆಳಗೆ ಕೈ ತೂರಿಸಿದರು. "ಉಸಿರು ಪೂರ್ತಿ ಬಿಡು. ಹೆದರ್ಕೊಂಡ್ರೆ ಮೈ ಇನ್ನೂ ಬಿಗಿಯಾಗುತ್ತೆ. ನಾನು ಹೇಳೋವರ್ಗೂ ತಳ್ಳಬೇಡ."

"ಕಾಲು ಮೊದ್ಲು ತರ್ಲಾ?"

"ಹೋದ್ಸಲ ಅದನ್ನೇ ಮಾಡಿ ನನ್ ಪ್ರಾಣ ತಿಂದೆ. ಈ ಸಲನಾದ್ರೂ ತಲೆ ಮೊದ್ಲು ಬರ್ಲಿ. ಎಡಕ್ಕೆ ತಿರುಗು. ಹ್ಞಾಂ. ಈಗ ತಳ್ಳು."

ಹನ್ನೊಂದು ನಿಮಿಷದಲ್ಲಿ ಲಾಕ್ಲನ್ ಹೊರಬಂದು ನೆಲದ ಮೇಲೆ ಕೂತ. ಮುಖ ಕೆಂಪಾಗಿತ್ತು. ಇಶ್ಬೆಲ್ ಅವನ ಕಣ್ಣು, ನಾಡಿ ನೋಡಿ "ಚೆನ್ನಾಗಿದೀಯ" ಎಂದರು. ಪೇಂಟಿಗೂ ಏನೂ ಆಗಿರಲಿಲ್ಲ.

ಲಾಕ್ಲನ್ ಒಂದು ಲೋಟ ಟೀ ಕುಡಿದ. ಆಮೇಲೆ ಕೇಳಿದ, "ನಾನ್ ಹುಟ್ಟಿದ್ ದಿನ ಅಮ್ಮ ಏನಂದ್ಲು ಸಿಸ್ಟರ್? ಸಾಯೋವರ್ಗೂ ನಂಗೆ ಅದ್ರ ಬಗ್ಗೆ ಒಂದ್ ಮಾತೂ ಹೇಳ್ಲಿಲ್ಲ."

"ಇಳಿಸ್ಬಿಡಿ, ನಡ್ಕೊಂಡೇ ಮನೆಗೆ ಹೋಗ್ತೀನಿ ಅಂದ್ಲು. ಮೂರು ಸಲ ಅಂದ್ಲು, ಆ ಹಿಮದಲ್ಲಿ. ಆಮೇಲೆ ನಿನ್ನ ಎತ್ಕೊಂಡು ಮುಖ ನೋಡಿ, ಪರವಾಗಿಲ್ಲ, ಇಲ್ಲೇ ಇರ್ತೀವಿ ಅಂದ್ಲು."

ಲಾಕ್ಲನ್ ತಲೆ ತಗ್ಗಿಸಿ ಬೆಣ್ಣೆ ಸವರಿದ ಸ್ಕೋನ್ ಬನ್ನು ತಿಂದ. ಒಂದಾದ ಮೇಲೆ ಇನ್ನೊಂದನ್ನೂ ತಿಂದ.

ಹೊರಡುವ ಮುಂಚೆ ಪೀರಿ ಹಿಂಜರಿಯುತ್ತಲೇ ಬೀಗದಕೈ ಚಾಚಿದರು. "ಒಂದ್ ಸುತ್ತು ಓಡಿಸ್ತೀರಾ?"

ಇಶ್ಬೆಲ್ ಬೇಡವೆಂದರು. ಆಮೇಲೆ ಬೀಗದಕೈ ತೆಗೆದುಕೊಂಡರು. ಅಂಗಳದಲ್ಲಿ ಒಂದೇ ಸುತ್ತು ಹಾಕಿ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದರು. ಇಂಜಿನ್ ಆರಿದ ಮೇಲೂ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಗಂಡಸರಿಬ್ಬರೂ ಹೊರಗೆ ಕಾದು ನಿಂತಿದ್ದರು.

ಕೊನೆಗೆ ಅವರು ಕೈ ಚಾಚಿದರು. ಲಾಕ್ಲನ್ ಹಿಡಿದು ಇಳಿಸಿದ. ಆ ಗಾಡಿಯಿಂದ ಇಳಿಯಲು ಅವರು ಇನ್ನೊಬ್ಬರ ಕೈ ಹಿಡಿದದ್ದು ಅದೇ ಮೊದಲು.