ಆರು ಮೋಟರು, ಒಂದು ಗ್ರಾಫಿಕ್ಸ್ ಕಾರ್ಡು

ನನ್ನ ವಾರಗಿತ್ತಿ ದಿವ್ಯ ಮದುವೆಯಾಗಿ ಬಂದಾಗ ತವರಿನಿಂದ ಬೀರು, ಮಂಚದ ಜೊತೆಗೆ ಒಂದು ಕಂಪ್ಯೂಟರನ್ನೂ ತಂದಳು. ಅದರ ಬದಲು ವಾಷಿಂಗ್ ಮೆಷಿನ್ ತರಬಾರದಿತ್ತೇ ಎಂದು ನನಗೆ ಹೊಟ್ಟೆ ಉರಿದದ್ದು ನಿಜ. ನಮ್ಮದು ನೊಣವಿನಕೆರೆ ಕಡೆಯ ತೋಟದ ಮನೆ. ಆ ಮನೆಯ ಹಿರಿಸೊಸೆ ಗಿರಿಜಾಂಬಿಕಾ, ಅಂದರೆ ನಾನು, ಹನ್ನೊಂದು ವರ್ಷದಿಂದ ಅಲ್ಲಿ ಗೇಯುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ಜೋರಿಲ್ಲದಿದ್ದರೆ ಆ ಮನೆಯಲ್ಲಿ ನನ್ನ ಮಾತು ಹೊಸ್ತಿಲು ದಾಟುತ್ತಿರಲಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ದಿವ್ಯಳ ಅಪ್ಪನಿಗೆ ಜೆರಾಕ್ಸ್ ಅಂಗಡಿ. ಕಾಲೇಜು ಮುಗಿಸಿ ಬಂದು ಅಲ್ಲಿ ಪಹಣಿ ತೆಗೆದುಕೊಡುತ್ತಾ, ಅರ್ಜಿ ಟೈಪ್ ಮಾಡುತ್ತಾ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಆಟ ಕಲಿತಳಂತೆ. ಐದು ಜನ ಈ ಕಡೆ, ಐದು ಜನ ಆ ಕಡೆ ನಿಂತು ಬಂದೂಕಿನಲ್ಲಿ ಹೊಡೆದಾಡುವ ಆಟ. ಮನೆಕೆಲಸ ಮುಗಿಸದೆ ಅವಳು ಎಂದೂ ಕೂತವಳಲ್ಲ, ಅದನ್ನು ಒಪ್ಪಬೇಕು. ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಮುದ್ದೆ ತೊಳಸಿಟ್ಟು, ಪಾತ್ರೆ ಬೆಳಗಿ, ಆಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು. ಕಾಣದ ಯಾರಿಗೋ ಹಿಂದಿಯಲ್ಲಿ ಎಡಕ್ಕೆ ಬಾ, ಬಲಕ್ಕೆ ಹೋಗು ಎಂದು ಅಪ್ಪಣೆ ಕೊಡುತ್ತಿದ್ದಳು. ಅಂಗಳದಲ್ಲಿ ಮಾವ ಮಲ್ಲಿಕಾರ್ಜುನಯ್ಯನವರ ಕೆಮ್ಮು ಆಗ ಜೋರಾಗುತ್ತಿತ್ತು. ಅವಳ ಗಂಡ ಬಸವಕುಮಾರ್ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಅಪ್ಪನೂ ಬೇಕು, ಹೆಂಡತಿಯೂ ಬೇಕು. ಹಾಗಾಗಿ ಬಾಯಿಗೆ ಬೀಗ.

ಹೋದ ವರ್ಷ ಪುಣೆಯ ಹೆಣ್ಣುಮಕ್ಕಳ ತಂಡವೊಂದು ಅವಳ ಆಟ ನೋಡಿ ಕರೆ ಕಳಿಸಿತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೂರು ಪಂದ್ಯ ಆಡಿ ತೋರಿಸಬೇಕು. ಒಪ್ಪಿಗೆಯಾದರೆ ಮನೆಯಲ್ಲೇ ಕೂತು ಸಂಬಳಕ್ಕೆ ಆಡಬಹುದು. ದಿವ್ಯ ಮಾವನ ಎದುರು ನಿಂತು ತಾನೇ ಮಾತು ಕೊಟ್ಟಳು. ಇದೊಂದು ಸಲ ಆಗದಿದ್ದರೆ ಕಂಪ್ಯೂಟರ್ ಮಾರಿಬಿಡುತ್ತೇನೆ, ಇನ್ನು ಅದರ ಸುದ್ದಿ ಎತ್ತುವುದಿಲ್ಲ ಎಂದಳು. ಮಾವ ತಲೆಯಾಡಿಸಿದರು. ಅವರ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿದ್ದಿಲ್ಲ.

ಆ ವಾರದ ಗುರುವಾರವೇ ಅವಳ ಗ್ರಾಫಿಕ್ಸ್ ಕಾರ್ಡು ಸತ್ತಿತು. ಆಟದ ಚಿತ್ರವನ್ನೆಲ್ಲ ಬಿಡಿಸಿ ತೋರಿಸುವುದು ಕಂಪ್ಯೂಟರಿನ ಒಳಗಿನ ಆ ಹಲಗೆಯೇ. ಅದಿಲ್ಲದೆ ಆಟ ಹೆಜ್ಜೆಹೆಜ್ಜೆಗೂ ಕುಂಟುತ್ತದೆ. ಅವಳದು ಎರಡು ಜಿಬಿಯ ಸೆವೆನ್ ಫಿಫ್ಟಿ ಟಿಐ, ಹತ್ತು ವರ್ಷ ಹಳೆಯದು. ಹೊಸದು ಕೊಳ್ಳುವ ಮಾತು ದೂರ.

ಶುಕ್ರವಾರ ಅವಳ ಜೊತೆ ತಿಪಟೂರಿಗೆ ಹೋದವಳು ನಾನು. ಹಳೆ ಕಂಪ್ಯೂಟರ್ ಸಾಮಾನು ಮಾರುವ ಓಬಳೇಶ್ ಮೇಜಿನ ಮೇಲೆ ಮೂರು ಕಾರ್ಡು ಇಟ್ಟ. ಮೊದಲನೆಯದು ಜಿಟಿ ಟೆನ್ ಥರ್ಟಿ. ಇದು ವಿಡಿಯೋ ನೋಡುವವರಿಗೆ ಸರಿ ಎಂದು ದಿವ್ಯ ಅದನ್ನು ಮುಟ್ಟಲೂ ಇಲ್ಲ. ಎರಡನೆಯದು ಟೆನ್ ಫಿಫ್ಟಿ ಟಿಐ, ನಾಲ್ಕು ಜಿಬಿ, ಅಂಗೈ ಉದ್ದದ್ದು, ಒಂದೇ ಫ್ಯಾನು. ಅದಕ್ಕೆ ಬೇರೆ ವೈರೇ ಬೇಡವಂತೆ, ಎಪ್ಪತ್ತೈದು ವ್ಯಾಟಿನೊಳಗೆ ಅದರ ಊಟ ಮುಗಿಯುತ್ತದೆ. ಮೂರನೆಯದು ಆರ್‌ಎಕ್ಸ್ ಫೈವ್ ಸೆವೆಂಟಿ. ಎರಡು ಫ್ಯಾನು, ದಪ್ಪ ಮೈ, ಬೇರೆ ವೈರಿನಲ್ಲಿ ಕರೆಂಟು ಎಳೆಯುತ್ತದೆ, ಚಿಕ್ಕದರ ಎರಡರಷ್ಟು.

ಓಬಳೇಶ್ ಎರಡನ್ನೂ ಹಾಕಿ ಓಡಿಸಿ ತೋರಿಸಿದ. ಪರದೆಯ ಮೂಲೆಯಲ್ಲಿ ಅಂಕಿ ಕುಣಿಯುತ್ತಿತ್ತು. ಚಿಕ್ಕದರಲ್ಲಿ ಸೆಕೆಂಡಿಗೆ ತೊಂಬತ್ತು ಚಿತ್ರ, ದೊಡ್ಡದರಲ್ಲಿ ನೂರ ನಲವತ್ತು. ದಿವ್ಯಳ ಕಣ್ಣು ಆ ನೂರ ನಲವತ್ತನ್ನು ಬಿಟ್ಟು ಅಲ್ಲಾಡಲಿಲ್ಲ. ಆದರೂ ಅವಳು ಚಿಕ್ಕದನ್ನೇ ಕೈಯಲ್ಲಿ ಹಿಡಿದುಕೊಂಡಿದ್ದಳು. ಏಕೆಂದರೆ ಓಬಳೇಶ್ ಹೇಳಿದ್ದ:

"ಟೌನಾಗಿದ್ರೆ ದೊಡ್ಡದೇ ತಗೊಳ್ಳಿ ಅಂತಿದ್ದೆ ಕಣಕ್ಕ. ನಿಮ್ದು ತೋಟದ ಮನೆ. ಪಂಪಿಗೆ ಕೊಡೋ ತ್ರೀ ಫೇಸ್ ಕರೆಂಟ್ ಬಂದು ತೋಟದ ಮೋಟರ್‌ಗಳೆಲ್ಲ ಎದ್ರೆ ವೋಲ್ಟೇಜ್ ಬೀಳ್ತದೆ. ಚಿಕ್ಕದು ಹೆಂಗೋ ತಡ್ಕೊಂತದೆ, ಇದು ತಡಿಯಲ್ಲ."

ಅಷ್ಟಕ್ಕೆ ಸುಮ್ಮನಿರಬೇಕಿತ್ತು ನಾನು. ಇರಲಿಲ್ಲ. ನಮ್ಮ ಕಡೆ ಕಾಯಿ ಆರಿಸುವವರು ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ತೂಗುತ್ತಾರೆ. ತೂಕವಿದ್ದರೆ ಒಳಗೆ ತಿರುಳು ದಪ್ಪ, ಹಗುರವಿದ್ದರೆ ಆಚೆಗೆ. ಹನ್ನೊಂದು ವರ್ಷ ಕಾಯಿ ರಾಶಿಯ ಮುಂದೆ ಕೂತ ಕೈ ನನ್ನದು. ಎರಡು ಕಾರ್ಡನ್ನೂ ಕಿತ್ತುಕೊಂಡು ತೂಗಿದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ. ಓಬಳೇಶ್ ನಗು ತಡೆದುಕೊಂಡ.

"ಇದು ಟೊಳ್ಳು ಕಣೇ," ಎಂದು ಚಿಕ್ಕದನ್ನು ಮೇಜಿನ ಮೇಲೆ ಕುಕ್ಕಿದೆ. "ತೂಕ ಇರೋದೇ ತಗೋ. ಈ ವಾರ ತ್ರೀ ಫೇಸ್ ಬೆಳಗಿನ ಪಾಳಿ, ಹನ್ನೆರಡಕ್ಕೆಲ್ಲ ಹೋಗ್ತದೆ. ನಿನ್ನ ಆಟ ಇರೋದು ಮೂರಕ್ಕೆ."

ಅವಳು ನನ್ನ ಮುಖ ನೋಡಿದಳು, ಕಾರ್ಡು ನೋಡಿದಳು. ದೊಡ್ಡದನ್ನೇ ಕಟ್ಟಿಸಿದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ನಾನೇ, ಏನೋ ಗೆದ್ದವಳ ಹಾಗೆ.

ಶನಿವಾರ ಮಧ್ಯಾಹ್ನ ಅವಳು ಆಡಿ ನೋಡಿದಾಗ ಎಲ್ಲ ಸರಿಯಿತ್ತು. ಭಾನುವಾರ ಬೆಳಿಗ್ಗೆ ತ್ರೀ ಫೇಸ್ ಬರಲೇ ಇಲ್ಲ. ಎಲ್ಲೋ ಲೈನ್ ಕೆಲಸ ಎಂದರು. ಇನ್ನೂ ಒಳ್ಳೆಯದೇ ಆಯಿತು, ಇವತ್ತು ಮೋಟರಿನ ಕಾಟವೇ ಇಲ್ಲ ಎಂದುಕೊಂಡೆ. ಬೆಳಗಿನ ಪಾಲನ್ನು ಮಧ್ಯಾಹ್ನ ಕೊಡಬಹುದು ಎಂಬ ಬುದ್ಧಿ ನನಗೆ ಹೊಳೆಯಲಿಲ್ಲ.

ಮೂರಕ್ಕೆ ಆಟ ಶುರುವಾಯಿತು. ನನ್ನ ಗಂಡನೂ ಬಸವಕುಮಾರನೂ ಊರಿನಲ್ಲಿರಲಿಲ್ಲ, ಮಾವ ತೋಟಕ್ಕೆ ಹೋಗಿದ್ದರು. ನಾನು ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತೆ, ಒಂದು ಕಣ್ಣು ಅವಳ ಬೆನ್ನಿನ ಮೇಲೆ. ಮೊದಲ ಪಂದ್ಯ ಗೆದ್ದಳು. ಎರಡನೆಯದು ಅರ್ಧಕ್ಕೆ ಬಂದಿರಬೇಕು, ತೋಟದ ಕಡೆಯಿಂದ ಮೋಟರಿನ ಗುಂಯ್ ಎಂಬ ಸದ್ದು ಎದ್ದಿತು. ನಮ್ಮ ಕಡೆ ಎಲ್ಲರೂ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀ ಫೇಸ್ ಬಂದ ಗಳಿಗೆಗೆ ಯಾರೂ ಮುಟ್ಟದೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಕಂಪ್ಯೂಟರಿನ ಪಕ್ಕದ ಸ್ಟೆಬಿಲೈಸರ್ ಟಕಟಕ ಎಂದಿತು. ಅದರ ಮುಳ್ಳು ಇನ್ನೂರರಿಂದ ನೂರೈವತ್ತಕ್ಕೆ ಬಿತ್ತು. ಪರದೆ ಕಪ್ಪಾಯಿತು.

ದಿವ್ಯ ಕಿರುಚಲಿಲ್ಲ. ಮತ್ತೆ ಗುಂಡಿ ಒತ್ತಿದಳು. ಯಂತ್ರ ಎದ್ದು ಅವಳು ಒಳಗೆ ಸೇರುವಷ್ಟರಲ್ಲಿ ಆ ಪಂದ್ಯ ಕೈಬಿಟ್ಟಿತ್ತು.

"ಅಕ್ಕ, ಒಂದ್ಸಲ ಮಾತ್ರ ಮಾಫಿ. ಇನ್ನೊಂದ್ಸಲ ಆಫ್ ಆದ್ರೆ ಆಚೆಗೆ ಹಾಕ್ತಾರೆ," ಎಂದಳು. ಹತ್ತು ನಿಮಿಷದಲ್ಲಿ ಮೂರನೆಯದು ಶುರು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರೆಕಾಯಿ ಅಲ್ಲೇ ಚೆಲ್ಲಿ ಎದ್ದೆ. ನಮ್ಮ ಟ್ರಾನ್ಸ್‌ಫಾರ್ಮರಿನ ಮೇಲೆ ಆರು ಮೋಟರು. ಸೆರಗು ಸಿಕ್ಕಿಸಿಕೊಂಡು ಓಡಿದೆ. ಪಕ್ಕದ ತೋಟದ ರಂಗಪ್ಪನವರ ಬೇಲಿ ನುಗ್ಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ, ಆಟೋ ತಪ್ಪಿಸಿದೆ. ಆಮೇಲೆ ಅದರ ಪಕ್ಕದ್ದು, ಅದರಾಚೆಯದು. ಗರಿ ತುಳಿದು ಕಾಲು ಕುಯ್ದುಕೊಂಡೆ. ಕಂಡವರ ಮೋಟರು ಮುಟ್ಟುವುದೆಂದರೆ ನಮ್ಮ ಕಡೆ ಹೊಡೆದಾಟಕ್ಕೆ ದಾರಿ, ಅದು ಗೊತ್ತಿದ್ದೂ ಮುಟ್ಟಿದೆ. ಐದೂ ಮುಗಿಸಿ ಏದುಸಿರು ಬಿಡುತ್ತಾ ಬಂದು ಕಿಟಕಿಯಲ್ಲಿ ಇಣುಕಿದೆ. ಮೂರನೆಯ ಪಂದ್ಯ ನಡೆಯುತ್ತಿತ್ತು. ಮುಳ್ಳು ಇನ್ನೂ ನೂರ ಅರವತ್ತೈದರಲ್ಲಿ ತೂಗಾಡುತ್ತಿತ್ತು, ಸ್ಟೆಬಿಲೈಸರ್ ಸುಮ್ಮನಾಗಿರಲಿಲ್ಲ.

ಆರನೆಯದು ನಮ್ಮದೇ. ಹತ್ತು ಎಚ್‌ಪಿ, ಆರರಲ್ಲೂ ದೊಡ್ಡದು. ಊರವರ ಮೋಟರೆಲ್ಲ ಆರಿಸಿ ಬಂದ ನನಗೆ ನಮ್ಮ ಮನೆಯದು ನೆನಪೇ ಆಗಿರಲಿಲ್ಲ.

ಮೋಟರ್ ಮನೆಯ ಕಟ್ಟೆಯ ಮೇಲೆ ಮಾವ ಕೂತಿದ್ದರು, ಹೊಸ ತೆಂಗಿನ ಸಸಿಗೆ ನೀರು ಹೋಗುವುದನ್ನೇ ನೋಡುತ್ತಾ. ಅರ್ಧ ಗಂಟೆ ಮೋಟರ್ ಆರಿಸಬೇಕು ಎಂದೆ. ಅವರು ನನ್ನ ಕಾಲಿನ ರಕ್ತ ನೋಡಿದರು, ಮುಖ ನೋಡಿದರು.

"ಈ ಸಸಿಗೆ ಮೂರು ದಿನದ ಮೇಲೆ ನೀರು ಹಾಯಿಸ್ತಾ ಇವ್ನಿ. ಒಂದು ಆಟಕ್ಕೆ ಆರಿಸ್ಲಾ?"

"ಆಟ ಅಲ್ಲ ಮಾವ, ಅದು ಅವಳ ಕೆಲಸ. ಅಂಗಡಿಯವ್ನು ಬೇಡ ಅಂದ್ರೂ ಈ ಕಾರ್ಡು ಕೊಡ್ಸಿದ್ದು ನಾನು. ನನ್ನ ತಪ್ಪಿಗೆ ಅವಳು ಸೋಲ್ತಾವ್ಳೆ."

ನನ್ನ ಬಾಯಿಂದ ತಪ್ಪು ಎಂಬ ಮಾತು ಬಂದದ್ದು ಕೇಳಿ ಅವರಿಗೆ ಆಶ್ಚರ್ಯವಾಯಿತೋ ಏನೋ. ನೀರು ಕಾಲುವೆಯಲ್ಲಿ ಹೋಗುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ, ಸ್ಟಾರ್ಟರಿನ ಕಡೆ ಕೈ ಚಾಚಿದೆ. ಅವರ ಎದುರು ಹಾಗೆ ಕೈ ಚಾಚಿದ್ದು ಅದೇ ಮೊದಲು. ಅವರು ಎದ್ದು ಬಂದು ನನ್ನ ಕೈ ಸರಿಸಿದರು. ಮುಗಿಯಿತು ಎಂದುಕೊಂಡೆ. ಅವರೇ ಗುಂಡಿ ಒತ್ತಿದರು.

ನಾವು ಅಂಗಳಕ್ಕೆ ಬರುವಷ್ಟರಲ್ಲಿ ರಂಗಪ್ಪ ಬಂದು ನಿಂತಿದ್ದರು. ತಮ್ಮ ಮೋಟರ್ ಯಾರೋ ಆರಿಸಿದ್ದಾರೆ, ಬೇಲಿ ಮುರಿದಿದೆ, ಯಾರೆಂದು ಗೊತ್ತಾಗಬೇಕು ಎಂದು ದನಿ ಏರಿಸಿದರು. ಒಳಗೆ ದಿವ್ಯ ಹಿಂದಿಯಲ್ಲಿ ಏನೋ ಅವಸರದ ಮಾತು ಹೇಳುತ್ತಿದ್ದಳು.

"ಮೆತ್ತಗೆ ಮಾತಾಡಪ್ಪ. ನಾನೇ ಆರ್ಸಿದ್ದು," ಎಂದರು ಮಾವ. "ಸೊಸೆಗೆ ಪರೀಕ್ಷೆ ನಡೀತಾ ಐತೆ."

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ನೆಲ ನೋಡುತ್ತಾ ಹೇಳಿದರು. ರಂಗಪ್ಪ ನನ್ನ ಕಾಲು ನೋಡಿ ಎಲ್ಲ ತಿಳಿದುಕೊಂಡಿರಬೇಕು, ಆದರೆ ಹಿರಿಯರ ಮಾತಿಗೆ ಎದುರಾಡದೆ ಜಗಲಿಯ ಮೇಲೆ ಕೂತರು. ಮೂವರೂ ಕಾದೆವು. ಅದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ.

ದಿವ್ಯ ಹೊರಗೆ ಬಂದಾಗ ಕೂದಲೆಲ್ಲ ಬೆವರಿಗೆ ಅಂಟಿತ್ತು. ಅವಳು ಬಾಗಿಲು ಹಿಡಿದುಕೊಂಡು ನಿಂತಳು. ಮೂರನೆಯದು ಗೆದ್ದೆವು, ತಂಡಕ್ಕೆ ತಗೊಂಡಿದೀವಿ ಅಂತ ಪುಣೆಯವರು ಆಗಲೇ ಹೇಳಿದರು ಎಂದಳು. ನನಗೆ ಅಳು ಬಂತು, ಅದನ್ನು ಮುಚ್ಚಲು ಅವರೆಕಾಯಿ ಬಳಿಯತೊಡಗಿದೆ.

ಮಾವ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ತೋಟದ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತು, ದಿವ್ಯಳ ಕಡೆ ತಿರುಗಿ ಕೇಳಿದರು:

"ಈಗ ಮೋಟರ್ ಹಾಕ್ಬೋದೇನಮ್ಮ?"