ಒಂದೇ ಮಾಡೆಲ್‌ನ ಆರು ಕಾರ್ಡುಗಳು

೨೦೦೭ರಲ್ಲಿ ನಾನು ಕತಾರಿನ ಒಂದು ಟೈಲ್ಸ್ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾಗಿತ್ತೇ ಹೊರತು, ಇಡೀ ಐಟಿ ವಿಭಾಗವೆಂದರೆ ನಾನೊಬ್ಬನೇ. ದೋಹಾ ಆಫೀಸಿನ ಪ್ರಿಂಟರಿನಿಂದ ಹಿಡಿದು ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನ ಕಂಪ್ಯೂಟರುಗಳವರೆಗೆ ಎಲ್ಲವೂ ನನ್ನ ತಲೆಗೇ. ಪೆನ್‌ಡ್ರೈವ್‌ಗಳಿಂದ ಬರುತ್ತಿದ್ದ ವೈರಸ್ಸಿಗೆ ಗೋದಾಮಿನ ಆರು ಕಂಪ್ಯೂಟರುಗಳು ವಾರಕ್ಕೊಮ್ಮೆ ಮಲಗುತ್ತಿದ್ದವು. ಮೈಸೂರಿನಲ್ಲಿ ಓದುವಾಗಲೇ, ವಿಂಡೋಸ್ ಬದಲು ಬಳಸಬಹುದಾದ, ವೈರಸ್ ಕಾಟ ಕಡಿಮೆಯಿರುವ ಲಿನಕ್ಸ್‌ನ ಹುಚ್ಚು ಹತ್ತಿಸಿಕೊಂಡಿದ್ದ ನಾನು, ಆರಕ್ಕೂ ಅದನ್ನೇ ಹಾಕುತ್ತೇನೆಂದು ಮ್ಯಾನೇಜರನ್ನು ಒಪ್ಪಿಸಿಬಿಟ್ಟೆ.

ಗೋದಾಮಿನಲ್ಲಿ ಕೇಬಲ್ ಎಳೆಯುವಂತಿರಲಿಲ್ಲ. ಫೋರ್ಕ್‌ಲಿಫ್ಟ್‌ಗಳು ಓಡಾಡಿ ಎರಡೇ ದಿನದಲ್ಲಿ ಹರಿದು ಹಾಕುತ್ತಿದ್ದವು. ಹಾಗಾಗಿ ಒಂದೇ ಮಾಡೆಲ್‌ನ ಆರು ವೈರ್‌ಲೆಸ್ ಕಾರ್ಡು ತರಿಸಿದೆ. ಇಂಥ ಕಾರ್ಡನ್ನು ಕಂಪ್ಯೂಟರು ಗುರುತಿಸಿ ಕೆಲಸ ಮಾಡಿಸಬೇಕಾದರೆ ಡ್ರೈವರ್ ಎಂಬ ಪ್ರೋಗ್ರಾಂ ಬೇಕು. ಲಿನಕ್ಸ್‌ನಲ್ಲಿ ಆಗ ವೈರ್‌ಲೆಸ್ ಡ್ರೈವರ್ ಕೂರಿಸುವುದೆಂದರೆ ಅರ್ಧ ದಿನದ ಗುದ್ದಾಟ. ಒಂದು ಕಂಪ್ಯೂಟರಿನಲ್ಲಿ ಗುದ್ದಾಡಿ ಗೆದ್ದೆ. ಉಳಿದ ಐದಕ್ಕೂ ಅದೇ ಹಾರ್ಡ್‌ಡಿಸ್ಕಿನ ಪ್ರತಿ ಹಾಕಿ ಆರಾಮವಾಗಿ ಮನೆಗೆ ಹೋದೆ.

ಮರುದಿನದಿಂದ ಕಾಟ ಶುರುವಾಯಿತು. ಎರಡು ಕಂಪ್ಯೂಟರು ಸರಿಯಾಗಿದ್ದವು. ನಾಲ್ಕು ಮಾತ್ರ ಹತ್ತು ನಿಮಿಷ ಕೆಲಸ ಮಾಡಿ, ಸ್ಟಾಕ್ ಲೆಕ್ಕ ಹಾಕುತ್ತಿರುವಾಗಲೇ ನೆಟ್‌ವರ್ಕ್ ಕಳೆದುಕೊಳ್ಳುತ್ತಿದ್ದವು.

ಇದರ ಬಿಸಿ ತಟ್ಟಿದ್ದು ಸ್ಟೋರ್‌ಕೀಪರ್ ಸಂಜೀವಣ್ಣನಿಗೆ. ಮೂಲ್ಕಿ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಆ ಗುರುವಾರ ಅವರು ಊರಿಗೆ ಹೊರಡಬೇಕಿತ್ತು. ತಂಗಿಯ ಮಗಳ ಮದುವೆ. ಭಾವ ತೀರಿಕೊಂಡಿದ್ದರಿಂದ ಸೋದರಮಾವನೇ ಮುಂದೆ ನಿಂತು ಎಲ್ಲ ನಡೆಸಬೇಕು. ಆದರೆ ವರ್ಷದ ಸ್ಟಾಕ್ ಎಣಿಕೆ ಕಂಪ್ಯೂಟರಿಗೆ ಏರದೆ ಎಕ್ಸಿಟ್ ಪರ್ಮಿಟ್‌ಗೆ ಸಹಿ ಹಾಕುವುದಿಲ್ಲವೆಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ಕಂಪನಿಯ ಸಹಿಯಿಲ್ಲದೆ ಆಗ ದೇಶ ಬಿಟ್ಟು ಹೊರಡುವಂತಿರಲಿಲ್ಲ.

ಕಾರಣ ಹುಡುಕುತ್ತಿದ್ದ ನನ್ನ ಕಣ್ಣಿಗೆ ಸಂಜೀವಣ್ಣನ ಒಂದು ಅಭ್ಯಾಸ ಬಿತ್ತು. ಊಟಕ್ಕೆ ಏಳುವಾಗ ಅವರು ಕಂಪ್ಯೂಟರುಗಳನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಾಗೆ ಆರಿಸಿದರೆ ಡಿಸ್ಕಿನ ಫೈಲುಗಳು ಕೆಡುತ್ತವೆ ಎಂಬುದು ನಿಜ. ಆದರೆ ಡ್ರೈವರ್ ಕೆಟ್ಟದ್ದೂ ಅದರಿಂದಲೇ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಭಾನುವಾರ ಬೆಳಿಗ್ಗೆ ಮ್ಯಾನೇಜರಿಗೂ ಇನ್ನು ಮೂವರಿಗೂ ಮೇಲ್ ಕಳಿಸಿದೆ: ಸಮಸ್ಯೆಗೆ ಬಳಕೆದಾರರ ತಪ್ಪೇ ಕಾರಣ. ತಂತ್ರಜ್ಞರಿಗೆ ಇಷ್ಟು ಹಿತವಾದ ವಾಕ್ಯ ಇನ್ನೊಂದಿಲ್ಲ.

ಮಂಗಳವಾರ ಗೋದಾಮಿಗೆ ಹೋದಾಗ ಒಬ್ಬ ಸೈಟ್ ಫೋರ್‌ಮನ್ ನಲವತ್ತು ಬಾಕ್ಸ್ ಟೈಲ್ಸಿಗೆ ಬಂದು ನಿಂತಿದ್ದ. ಸಂಜೀವಣ್ಣ ಇಪ್ಪತ್ತೆಂಟು ಕೊಟ್ಟು, ಉಳಿದದ್ದು ಸದ್ಯಕ್ಕಿಲ್ಲ ಎಂದರು. ಪಕ್ಕದಲ್ಲೇ ಅದೇ ಹೆಸರಿನ ಬಾಕ್ಸುಗಳು ರಾಶಿ ಬಿದ್ದಿದ್ದವು.

"ಎರಡೂ ಒಂದೇ ಅಲ್ವಾ ಸಂಜೀವಣ್ಣ? ಹೆಸರೂ ಅದೇ ಇದೆ," ಎಂದೆ.

"ಹೆಸರು ಒಂದೇ ಮಾರಾಯ್ರೆ, ಬ್ಯಾಚ್ ಬೇರೆ ಉಂಟು," ಎಂದು ಬಾಕ್ಸಿನ ಬದಿಯಲ್ಲಿದ್ದ ಸಣ್ಣ ನಂಬರು ತೋರಿಸಿದರು. "ಎರಡು ಬ್ಯಾಚ್ ಸೇರಿಸಿ ಹಾಕಿದ್ರೆ ಇವತ್ತು ಗೊತ್ತಾಗುದಿಲ್ಲ. ನೆಲ ಒರೆಸಿ ಲೈಟ್ ಹಾಕಿದಾಗ ಬಣ್ಣ ಬೇರೆ ಕಾಣ್ತದೆ. ಆಗ ಬಂದು ನನಗೆ ಬೈತಾರೆ."

ನಾನು ನೇರವಾಗಿ ಕಂಪ್ಯೂಟರುಗಳ ಬಳಿಗೆ ಹೋದೆ. ಸ್ಕ್ರೂಡ್ರೈವರ್ ತೆಗೆದು ಆರೂ ಕ್ಯಾಬಿನೆಟ್ ಬಿಚ್ಚಿದೆ. ಕಾರ್ಡುಗಳ ಮೇಲೆ ಒಂದೇ ಮಾಡೆಲ್ ಹೆಸರು. ಮೂಲೆಯ ಚೀಟಿಯಲ್ಲಿ ಮಾತ್ರ ಎರಡಕ್ಕೆ A, ನಾಲ್ಕಕ್ಕೆ B ಎಂದಿತ್ತು. ತಯಾರಿಸಿದವರು ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಿಸಿದ್ದರು. ನಾನು ಹಾಕಿದ್ದ ಡ್ರೈವರಿಗೆ B ಅರ್ಧಂಬರ್ಧ ಮಾತ್ರ ಅರ್ಥವಾಗುತ್ತಿತ್ತು; ಕೆಲಸ ಹೆಚ್ಚಾದೊಡನೆ ಕೈಬಿಡುತ್ತಿತ್ತು. ಒಂದು ಸಾಲಿನ ಕಮಾಂಡ್ ಕೊಟ್ಟಿದ್ದರೆ ಈ ವ್ಯತ್ಯಾಸ ಸ್ಕ್ರೀನಿನ ಮೇಲೇ ಕಾಣುತ್ತಿತ್ತು. ಆ ಕಮಾಂಡನ್ನು ನಾನು ಮೊದಲನೆಯ ಕಂಪ್ಯೂಟರಿನಲ್ಲಿ ಮಾತ್ರ ಕೊಟ್ಟಿದ್ದೆ.

ಹೊಸ ಚಿಪ್ಪಿನ ಡ್ರೈವರ್ ಅಂತರ್ಜಾಲದಲ್ಲಿತ್ತು. ಡೌನ್‌ಲೋಡ್ ಮಾಡಿ, ನಮ್ಮ ಕಂಪ್ಯೂಟರುಗಳಿಗೆ ಹೊಂದುವಂತೆ ಕಂಪೈಲ್ ಮಾಡಿ, ನಾಲ್ಕಕ್ಕೂ ಕೂರಿಸುವಷ್ಟರಲ್ಲಿ ಬುಧವಾರ ಮಧ್ಯಾಹ್ನವಾಯಿತು. ಗೋಡೆಯ ಸ್ವಿಚ್ಚನ್ನು ನಾನೇ ಬೇಕೆಂದು ಐದು ಸಲ ಆರಿಸಿ ನೋಡಿದೆ. ಪ್ರತಿ ಸಲವೂ ನೆಟ್‌ವರ್ಕ್ ಬಂತು, ಕಡಿಯದೆ ಉಳಿಯಿತು. ಖುಷಿಯಾಯಿತು, ನಾಚಿಕೆಯೂ ಆಯಿತು.

ಮ್ಯಾನೇಜರ್ ಜೋರ್ಡಾನಿನವರು, ನೇರ ಮಾತಿನ ಮನುಷ್ಯ. ತಪ್ಪು ನನ್ನದು, ಸಂಜೀವಣ್ಣನ ಪರ್ಮಿಟ್ ತಡೆಯಬೇಡಿ ಎಂದೆ. ಪೂರ್ತಿ ಕೇಳಿ, "ಮೊದಲ ಮೇಲ್ ಯಾರಿಗೆಲ್ಲ ಹೋಗಿತ್ತೋ ಅವರಿಗೆಲ್ಲ ಇದನ್ನೂ ಬರೆ. ಆಮೇಲೆ ಖಲಾಸ್," ಎಂದರು. ಅಲ್ಲೇ ಕೂತು ಬರೆದೆ. ನನ್ನೆದುರೇ ಪರ್ಮಿಟ್‌ಗೆ ಸಹಿ ಬಿತ್ತು.

ಗುರುವಾರ ಬೆಳಿಗ್ಗೆ ಎಣಿಕೆ ಪೂರ್ತಿ ಕಂಪ್ಯೂಟರಿಗೆ ಏರಿತು. ಸಂಜೀವಣ್ಣ ಹೊರಡುವ ಮುನ್ನ ಅವರ ಬಳಿ ಹೋಗಿ ನನ್ನ ಭಾನುವಾರದ ಮೇಲ್‌ನ ವಿಷಯ ಹೇಳಿಕೊಂಡೆ. ಅವರಿಗೆ ತಿಳಿದಿರಲಾರದು ಎಂದುಕೊಂಡಿದ್ದೆ.

"ಗೊತ್ತುಂಟು. ಭಾನುವಾರವೇ ಮ್ಯಾನೇಜರ್ ಪ್ರಿಂಟ್ ತೋರಿಸಿದ್ದಾರೆ," ಎಂದರು. ಬ್ಯಾಗಿನ ಜಿಪ್ ಎಳೆದು, "ಬರಿಯುವ ಮೊದಲು ನನ್ನತ್ರ ಒಂದು ಮಾತು ಕೇಳ್ಬಹುದಿತ್ತು. ಅಷ್ಟೇ," ಎಂದರು. ಸಿಟ್ಟಿರಲಿಲ್ಲ. ನನ್ನ ಹೆಗಲು ತಟ್ಟಿ ಮದುವೆಗೆ ಹೊರಟರು.

ಆಮೇಲೆ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ, ಐವತ್ತು ತುಂಬುವ ಮೊದಲೇ ನೆಮ್ಮದಿಯಾಗಿ ನಿವೃತ್ತನಾದೆ. ಬಳಕೆದಾರರ ತಪ್ಪು ಎಂದು ಬರೆಯಬೇಕಾದ ಸಂದರ್ಭ ಮತ್ತೆ ಬರಲಿಲ್ಲವೆಂದಲ್ಲ, ಎಷ್ಟೋ ಸಲ ಬಂತು. ಪ್ರತಿ ಸಲವೂ ಮೊದಲು ಆ ಮನುಷ್ಯನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ನಿಮ್ಮ ಬಗ್ಗೆ ಹೀಗೆ ಬರೆಯಬೇಕೆಂದಿದ್ದೇನೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಿದ್ದೆ. ಹೆಚ್ಚಿನ ಸಲ ಆ ಮೇಲ್ ಬರೆಯುವ ಅಗತ್ಯವೇ ಬೀಳಲಿಲ್ಲ.